ಗಪ್ ಇರೂದು ಬ್ಯಾರೆ, ಸಮಾಧಾನ ಬ್ಯಾರೆ

ಸೊಲ್ಲಾಪುರದಲ್ಲಿ ಒಂದು ಕಾಲಕ್ಕೆ ಗಡಿಯಾರ ಇಲ್ಲದ ಮನೆಗೂ ವೇಳೆ ಗೊತ್ತಾಗುತ್ತಿತ್ತು. ಗಿರಣಿಯ ಭೋಂಗಾ ಒಂದು ಸಲ ಕೂಗಿದರೆ ಹೆಂಗಸರು ಒಲೆ ಹೊತ್ತಿಸುತ್ತಿದ್ದರು. ಮತ್ತೊಮ್ಮೆ ಕೂಗಿದರೆ ಗಂಡಸರು ಬುತ್ತಿಯ ಡಬ್ಬಿ ಹಿಡಿದು ಓಣಿಗೆ ಇಳಿಯುತ್ತಿದ್ದರು. ಅಕ್ಕಲಕೋಟ ತಾಲೂಕಿನಲ್ಲಿ ದುಧನಿ ಕಡೆಯ ಒಂದು ಹಳ್ಳಿಯಿಂದ ಸೂಟಿಗೆಂದು ಅಪ್ಪನ ಖೋಲಿಗೆ ಬರುತ್ತಿದ್ದ ಹುಡುಗನಿಗೆ ಮೊದಲೆರಡು ದಿನ ಆ ಕೂಗಿಗೆ ಎದೆ ಝಲ್ಲೆನ್ನುತ್ತಿತ್ತು. ಮೂರನೆಯ ದಿನದಿಂದ ಅದರ ನಡುವೆಯೇ ಗಾಢ ನಿದ್ದೆ.

ಆ ಹುಡುಗ ಈಗ ನಿವೃತ್ತ ಮಾಸ್ತರರು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವರು. ಹೆಸರು ಬೇಡ ಎಂದರು. ಊರಲ್ಲಿ ಎಲ್ಲರೂ ಕರೆಯುವ ಹಾಗೆ ಮಾಸ್ತರರು ಎಂದರೆ ಸಾಕು. ಹುಟ್ಟಿದ್ದು 1956ರಲ್ಲಿ, ಭಾಷೆಯ ಮೇಲೆ ರಾಜ್ಯಗಳನ್ನು ಮರಳಿ ವಿಂಗಡಿಸಿದ ವರ್ಷ. ಶಾಂತಿಯ ಮಾತು ತೆಗೆದಾಗ ಅವರು ಧ್ಯಾನ, ಜಪ ಯಾವುದನ್ನೂ ಹೇಳಲಿಲ್ಲ. ಭೋಂಗಾ ನಿಂತ ದಿನವನ್ನು ಹೇಳಿದರು.

"ಓಣಿ ತುಂಬ ಗಪ್ ಆಗಿತ್ತರಿ. ಅಷ್ಟು ಗಪ್ ನಾ ಎಂದೂ ನೋಡಿದ್ದಿಲ್ಲ. ಅಪ್ಪಗ ಆ ರಾತ್ರಿ ನಿದ್ದಿ ಹತ್ತಲಿಲ್ಲ. ಗಪ್ ಇರೂದು ಬ್ಯಾರೆ, ಸಮಾಧಾನ ಬ್ಯಾರೆ ಅಂತ ಆವತ್ತ ತಿಳೀತು."

ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ನೂಲು ತೆಗೆಯತೊಡಗಿದ್ದು 1877ರಲ್ಲಿ. ಜನ ಅದನ್ನು ಜುನಿ ಗಿರಣಿ, ಅಂದರೆ ಹಳೆಯ ಗಿರಣಿ, ಎಂದೇ ಕರೆದರು. ಅದರ ಹಿಂದೆ ಇನ್ನಷ್ಟು ಬಂದವು. ಬರಗಾಲ ಬಿದ್ದಾಗಲೆಲ್ಲ ಅಕ್ಕಲಕೋಟ, ಇಂಡಿ, ಅಫಜಲಪುರದ ಒಣ ಹೊಲಗಳಿಂದ ಕನ್ನಡದ ಮಂದಿ ಇಲ್ಲಿಗೆ ಬಂದರು. ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಬಂದರು. ಮರಾಠಿಯವರು, ಉರ್ದು ಮಾತಾಡುವ ನೇಕಾರರು ಮೊದಲೇ ಇದ್ದರು. ಮಾಸ್ತರರ ಅಪ್ಪ ಇದ್ದ ಚಾಳಿನಲ್ಲಿ ಒಂದೇ ನಳ. ಬೆಳಗಿನ ಜಾವ ಆ ನಳದ ಮುಂದೆ ಕೊಡಗಳ ಸಾಲು. ಸಾಲಿನಲ್ಲಿ ನಾಲ್ಕು ಭಾಷೆ. ಜಗಳ ದಿನವೂ ಇರುತ್ತಿತ್ತು. ಒಂದು ವಿಶೇಷ ಮಾತ್ರ ಹುಡುಗನ ಕಣ್ಣಿಗೆ ಬಿದ್ದಿತ್ತು: ಬೈಯುವವರು ಯಾವಾಗಲೂ ಎದುರಿನವರ ಭಾಷೆಯಲ್ಲೇ ಬೈಯುತ್ತಿದ್ದರು, ಅವರಿಗೆ ತಿಳಿಯಲಿ ಎಂದು. ಎಂಟು ವರ್ಷದ ಹುಡುಗ ತೆಲುಗಿನ ಮೊದಲ ಹತ್ತು ಶಬ್ದ ಕಲಿತದ್ದು ಹೀಗೆ.

ಜುನಿ ಗಿರಣಿ 1963ರಲ್ಲಿ ಬಾಗಿಲು ಹಾಕಿತು. 1990ರ ದಶಕದಲ್ಲಿ ಉಳಿದವುಗಳ ಪೈಕಿ ಕೆಲವುಗಳ ಸರದಿ. ಅಪ್ಪನ ಗಿರಣಿ ನಿಂತಾಗ ನಿವೃತ್ತಿಗೆ ಇನ್ನೂ ಸ್ವಲ್ಪ ವರ್ಷ ಬಾಕಿ ಇತ್ತು. ಬರಬೇಕಾದ ಹಣ ಬರಲಿಲ್ಲ. ಅಪ್ಪ ಊರಿಗೂ ಹೋಗಲಿಲ್ಲ, ಬೇರೆ ಕೆಲಸವನ್ನೂ ಹುಡುಕಲಿಲ್ಲ. ಹೆಚ್ಚುಕಡಿಮೆ ಎರಡು ವರ್ಷ ಖೋಲಿಯ ಹೊಸ್ತಿಲಲ್ಲಿ ಕೂತರು. ನೋಡಿದವರು "ಎಷ್ಟು ಶಾಂತ ಮನುಷ್ಯ" ಎನ್ನುತ್ತಿದ್ದರು. ಆ ಮಾತು ಕೇಳಿದಾಗ ಮಗನಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮಾತು ಸತ್ತ ಮನುಷ್ಯನನ್ನು ಶಾಂತ ಎನ್ನುತ್ತಾರಲ್ಲ ಎಂದು.

ಅಪ್ಪನಿಗೆ ನಿದ್ದೆ ಮರಳಿ ಬಂದ ಬಗೆಯನ್ನು ಮಾಸ್ತರರು ಇವತ್ತಿಗೂ ಕಣ್ಣು ತುಂಬಿ ಹೇಳುತ್ತಾರೆ. ನಗರದ ಮೂಡಣ ಭಾಗದಲ್ಲಿ ಹಳೆಯ ನೆರೆಯವರೊಬ್ಬರು, ತೆಲುಗಿನವರು, ಮನೆಯ ಹಿಂದೆ ನಾಲ್ಕು ಪವರ್‌ಲೂಮ್ ಇಟ್ಟು ಟವೆಲು ನೇಯಿಸುತ್ತಿದ್ದರು. ಅವರು ಒಂದು ಸಂಜೆ ಬಂದು ಹೊಸ್ತಿಲಲ್ಲಿ ಪಕ್ಕಕ್ಕೇ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ರಾತ್ರಿ ಪಾಳಿಗೆ ಮನುಷ್ಯಾ ಇಲ್ಲ. ಬರ್ತೀರೇನು?" ಎಂದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳಿದರು. ಅಪ್ಪ ಹೂಂ ಎಂದರು. ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗಿದವರು ಮಧ್ಯಾಹ್ನದವರೆಗೆ ಏಳಲಿಲ್ಲ. ಪಕ್ಕದ ಮನೆಗಳಲ್ಲಿ ಮಗ್ಗ ಖಟಖಟ ಹೊಡೆದುಕೊಳ್ಳುತ್ತಲೇ ಇದ್ದವು.

ಮಾಸ್ತರರ ಬದುಕಿನಲ್ಲಿ ಶಾಂತಿ ಎಂಬುದಕ್ಕೆ ಅರ್ಥ ಬಂದದ್ದು ಆ ಒಂದು ಪ್ರಶ್ನೆಯಿಂದ. ಬರ್ತೀರೇನು ಎಂದು ಕೇಳುವುದು. ಹೂಂ ಎನ್ನುವವರೆಗೆ ಕಾಯುವುದು.

ಊರು ಗಪ್ ಆಗುವುದು ಸೊಲ್ಲಾಪುರಕ್ಕೆ ಹೊಸದೇನಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಗಿರಣಿ ಕಾರ್ಮಿಕರು ಬೀದಿಗಿಳಿದರು. 8ನೇ ತಾರೀಖು ಗೋಲಿಬಾರ್ ಆಯಿತು, ಪೊಲೀಸ್ ಚೌಕಿಗಳು ಸುಟ್ಟುಹೋದವು, ಆಡಳಿತ ಕೆಲ ದಿನ ಊರಿನ ಹಿಡಿತವನ್ನೇ ಕಳೆದುಕೊಂಡಿತು. 12ರಿಂದ ಸೈನಿಕ ಕಾನೂನು. ಜೂನ್ ಕೊನೆಯವರೆಗೂ ಅದು ಇತ್ತು. ರಾಷ್ಟ್ರಧ್ವಜ ಹಿಡಿದವರಿಗೂ ಜೈಲು. ಸರ್ಕಾರದ ಲೆಕ್ಕದಲ್ಲಿ ಊರಿಗೆ ಶಾಂತಿ ಮರಳಿತು. ಆ ಶಾಂತಿಯ ಬೆಲೆ ನಾಲ್ಕು ಜೀವ: ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ನಾಲ್ವರನ್ನೂ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಒಬ್ಬ ಕನ್ನಡದ ಲಿಂಗಾಯತ, ಒಬ್ಬ ಮುಸ್ಲಿಂ ಪತ್ರಕರ್ತ, ಒಬ್ಬ ಮರಾಠಾ, ಒಬ್ಬ ಮಾರವಾಡಿ. ಚಾಳಿನ ನಳದ ಸಾಲೇ ಗಲ್ಲಿನ ಸಾಲೂ ಆಯಿತು. ಚಾರ್ ಹುತಾತ್ಮಾ ಚೌಕದಲ್ಲಿ ನಾಲ್ವರೂ ಪ್ರತಿಮೆಗಳಾಗಿ ಒಟ್ಟಿಗೆ ನಿಂತಿದ್ದಾರೆ. ಮಾಸ್ತರರು ಶಾಲೆಯ ಮಕ್ಕಳನ್ನು ಸಹಲಿಗೆ ಕರೆತಂದಾಗ ಮೊದಲು ನಿಲ್ಲಿಸುತ್ತಿದ್ದುದು ಅಲ್ಲಿ.

ಜನವರಿ 12 ಎಂದರೆ ಸೊಲ್ಲಾಪುರದಲ್ಲಿ ಇನ್ನೊಂದು ನೆನಪೂ ಇದೆ. ಸಂಕ್ರಾಂತಿಯ ಆಸುಪಾಸಿನ ಆ ದಿನಗಳೇ ಗಡ್ಡಾ ಯಾತ್ರೆಯ ದಿನಗಳು, ಸಿದ್ಧರಾಮನ ಜಾತ್ರೆ.

ಸಿದ್ಧರಾಮನನ್ನು ಕೆರೆ ಕಟ್ಟಿಸಿದ ಶಿವಯೋಗಿ ಎಂದು ಕನ್ನಡಿಗರೆಲ್ಲ ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆ ಎಂಬ ಈ ಊರಿನಲ್ಲಿ ಆತ ಗುಡಿ ಎಬ್ಬಿಸಿದ, ಕೆರೆ ಅಗೆಸಿದ, ಊರ ಸುತ್ತ 68 ಲಿಂಗಗಳನ್ನು ನಿಲ್ಲಿಸಿದ. ಇವತ್ತಿಗೂ ಗುಡಿ ಇರುವುದು ನೀರ ನಡುವೆ, ಭುಯಿಕೋಟೆಯ ಮಗ್ಗುಲಲ್ಲಿ. ಅಂಗಳದಲ್ಲಿ ಆತನ ಯೋಗಸಮಾಧಿ. ಪಾಳಿ ಇಲ್ಲದ ಸಂಜೆ ಅಪ್ಪ ಹುಡುಗನನ್ನು ಕೆರೆಯ ಮೆಟ್ಟಿಲಿಗೆ ಕರೆತಂದು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಶೂನ್ಯಸಂಪಾದನೆಯಲ್ಲಿ ಬರುವ ಕಥೆ. ಕೆರೆಯ ಕೆಲಸ ನಡೆದಿದೆ. ಅಲ್ಲಮಪ್ರಭು ಬರುತ್ತಾನೆ. "ಆ ಒಡ್ಡರಾಮ ಎಲ್ಲಿ?" ಎಂದು ಕೇಳುತ್ತಾನೆ. ಗುರುವಿಗೆ ಒಡ್ಡ ಎಂದನಲ್ಲ ಎಂದು ಕೆಲಸದವರು ಕೈಯಲ್ಲಿದ್ದ ಕಲ್ಲನ್ನೇ ಬೀರುತ್ತಾರೆ. ಸುದ್ದಿ ತಿಳಿದು ಸಿದ್ಧರಾಮನೇ ಕೆರಳಿ ಬರುತ್ತಾನೆ, ಉರಿಗಣ್ಣು ತೆರೆಯುತ್ತಾನೆ. ಬೆಂಕಿ ಅಲ್ಲಮನನ್ನು ಸುಡುವುದಿಲ್ಲ. ಕಾಲ ಬುಡದಲ್ಲಿ ಅಡಗುತ್ತದೆ.

"ಎಲ್ಲಾರಿಗೂ ನೀರ ಕೊಟ್ಟಾವಗೂ ಸಿಟ್ಟ ಬರ್ತದೇನ ಅಪ್ಪಾ?"

"ಬರ್ತದ. ಖರೆ ಆಮ್ಯಾಲ ಇಬ್ಬರೂ ಕುಂತ ಮಾತಾಡ್ಯಾರ."

ಆಮೇಲೆ ಕುಳಿತು ಮಾತಾಡಿದ್ದು, ಮಾತಾಡಿ ಇಬ್ಬರೂ ಕಲ್ಯಾಣದ ಹಾದಿ ಹಿಡಿದದ್ದು: ಅಪ್ಪನ ಕಥೆ ಯಾವಾಗಲೂ ಅಲ್ಲಿಗೆ ಮುಗಿಯುತ್ತಿತ್ತು. ಉರಿಗಣ್ಣಿನ ಭಾಗ ಹುಡುಗನಿಗೆ ಇಷ್ಟ. ಅಪ್ಪನಿಗೆ ಇಷ್ಟವಾದದ್ದು ಯಾವ ಭಾಗ ಎಂದು ಮಾಸ್ತರರಿಗೆ ಅರ್ಥವಾಗಲು ಬಹಳ ವರ್ಷ ಬೇಕಾದವು.

ಗಡ್ಡಾ ಯಾತ್ರೆಯ ತಿರುಳು ಒಂದು ಮದುವೆ. ಸಿದ್ಧರಾಮನ ಬಾಗಿಲ ಮುಂದೆ ದಿನವೂ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿ ಆತನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳಂತೆ. ಆತ ಸಂಸಾರ ಒಲ್ಲದ ಯೋಗಿ. ಕೊನೆಗೆ ಅವಳ ಮದುವೆ ಆತನ ಯೋಗದಂಡದೊಂದಿಗೆ ಆಯಿತು ಎಂಬುದು ಐತಿಹ್ಯ. ಆ ಮದುವೆಯನ್ನೇ ಸೊಲ್ಲಾಪುರ ವರ್ಷವರ್ಷವೂ ಮಾಡುತ್ತದೆ. ಬಾರಾಬಂದಿ ಅಂಗಿ ತೊಟ್ಟ ಗಂಡಸರು ಏಳು ನಂದಿಧ್ವಜಗಳನ್ನು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ಊರಿ, ತಲೆಯೆತ್ತಿ, ತೂಗಿಸುತ್ತ ತರುತ್ತಾರೆ. ಮೊದಲೆರಡು ದೇವಸ್ಥಾನ ಮತ್ತು ದೇಶಮುಖ ಮನೆತನದ್ದು. ಆಮೇಲೆ ಲಿಂಗಾಯತ ಮಾಳಿ ಸಮಾಜದ್ದು, ವಿಶ್ವಬ್ರಾಹ್ಮಣರದ್ದು. ಆರು ಮತ್ತು ಏಳನೆಯದು ಮಾತಂಗ ಸಮಾಜದ್ದು. ಎಲ್ಲವೂ ಬಂದು ನಿಲ್ಲುವುದು ಕೆರೆಯ ಬದಿಯ ಒಂದು ಕಟ್ಟೆಯ ಹತ್ತಿರ. ಅದರ ಹೆಸರು ಸಮ್ಮತಿ ಕಟ್ಟೆ. ಅಲ್ಲಿ ಸಮ್ಮತಿ ಓದುತ್ತಾರೆ, ಕನ್ನಡದಲ್ಲಿ. ಮಹಾರಾಷ್ಟ್ರದ ದೊಡ್ಡ ನಗರವೊಂದರ ಅತಿ ದೊಡ್ಡ ಜಾತ್ರೆಯ ಅತಿ ಮುಖ್ಯ ಗಳಿಗೆಯ ಭಾಷೆ ಇವತ್ತಿಗೂ ಕನ್ನಡ. ಇದಕ್ಕಾಗಿ ಯಾರೂ ಚಳವಳಿ ಮಾಡಿಲ್ಲ, ಯಾರೂ ತಡೆದೂ ಇಲ್ಲ.

ಒಂದು ವರ್ಷ ಮಾಸ್ತರರು ತಮ್ಮ ತರಗತಿಯ ಇಬ್ಬರು ಹುಡುಗರನ್ನು ಜಾತ್ರೆಗೆ ಕರೆತಂದಿದ್ದರು. ಒಬ್ಬನ ಮನೆಮಾತು ಕನ್ನಡ. ಇನ್ನೊಬ್ಬ ಮರಾಠಿ ಮನೆಯವನು. ಹಳ್ಳಿಯಲ್ಲಿ ಹತ್ತಿರದ ಶಾಲೆ ಅದೇ ಎಂದು ಕನ್ನಡ ಶಾಲೆ ಸೇರಿದವನು, ಒಂದು ವರ್ಷವೂ ಆಗಿರಲಿಲ್ಲ. ಸಿದ್ಧರಾಮ ಯಾರವನು ಎಂದು ಇಬ್ಬರೂ ಬಡಿದಾಡಿಕೊಂಡಿದ್ದರು. ಕಟ್ಟೆಯ ಮುಂದೆ ನೂಕುನುಗ್ಗಲು. ಓದು ಶುರುವಾಯಿತು. ಹಳೆಗಾಲದ ಮಾತು, ಕನ್ನಡದ ಹುಡುಗನಿಗೂ ಪೂರ್ತಿ ತಿಳಿಯುತ್ತಿಲ್ಲ. ಆದರೆ ಮರಾಠಿ ಹುಡುಗ ತಡವರಿಸದೆ, ಸರಿಯಾದ ಗಳಿಗೆಗೆ ಕೈಯೆತ್ತಿ ಅಕ್ಷತೆ ಎರಚಿದ. ಸಾವಿರಾರು ಕೈ ಒಟ್ಟಿಗೆ ಎದ್ದವು. "ನಿನಗ ತಿಳೀತೇನಲೇ?" ಎಂದು ಇವನು ಕೇಳಿದ. "ತಿಳೀಲಿಲ್ಲ. ಅಕ್ಕಿ ಯಾವಾಗ ಹಾಕಬೇಕು ಅಂತ ಗೊತ್ತದ. ಅಜ್ಜಿ ಕಲಿಸ್ಯಾಳ" ಎಂದ ಅವನು.

ಇಬ್ಬರೂ ತಿರುಗಿ ರೈಲಿನಲ್ಲಿ ಬರುವಾಗ ಒಂದೇ ಪೊಟ್ಟಣದ ಶೇಂಗಾ ತಿಂದರು. ಅದನ್ನು ಮಾಸ್ತರರು ರಾಜಿ ಎನ್ನುವುದಿಲ್ಲ. "ಆಮ್ಯಾಲೂ ಬಡಿದಾಡ್ಯಾರ, ಬ್ಯಾರೆ ಕಾರಣಕ್ಕ" ಎಂದು ಅವರೇ ಹೇಳಿದರು.

ಈ ಸೀಮೆಯಲ್ಲಿ ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಹುಟ್ಟಿತು ಎಂದು ಗೆರೆ ಕೊರೆಯುವುದು ಕಷ್ಟ. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಹೇಳುವ, 1018ರ ಬರಹ ಸಿಕ್ಕಿದ್ದು ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕುಡಲದಲ್ಲಿ, ಭೀಮಾ ಮತ್ತು ಸೀನಾ ಕೂಡುವ ಜಾಗದಲ್ಲಿ. ಕೂಡಲ ಎಂಬುದು ಕನ್ನಡದ ಮಾತು ಎಂದು ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವಾಗ ಲಾತೂರು ಕಡೆಯ ಮರಾಠಿ ರೈತರು ಕೂಗುವ ಕೂಗಿನ ಬೇರು ಕನ್ನಡದಲ್ಲಿದೆ. ಕೂಗುವವರಿಗೆ ಅದರ ಅರ್ಥ ಗೊತ್ತಿಲ್ಲ, ಪೈರಿಗೆ ಒಳ್ಳೆಯದು ಎಂಬುದಷ್ಟೇ ಗೊತ್ತು.

ಗೆರೆ ಮಾತ್ರ ಬಿತ್ತು. 1956ರ ನವೆಂಬರ್ 1ರಂದು ವಿಜಾಪುರ, ಬೆಳಗಾವಿ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಂದು ಅದು ಮಹಾರಾಷ್ಟ್ರವಾಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು: ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕರ್ನಾಟಕಕ್ಕೆ, ನಿಪ್ಪಾಣಿ, ಖಾನಾಪುರ ಕಡೆಯ ಹಳ್ಳಿಗಳು ಮಹಾರಾಷ್ಟ್ರಕ್ಕೆ. ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ವರದಿ ಬಂದಾಗ ಹನ್ನೊಂದು ವರ್ಷದವರಾಗಿದ್ದ ಮಾಸ್ತರರಿಗೆ ಊರ ಹಿರಿಯರು ಚಾವಡಿಯಲ್ಲಿ ರೇಡಿಯೋ ಸುತ್ತ ಕೂತದ್ದು ನೆನಪಿದೆ. ನಾವು ಎಲ್ಲಿಗೆ ಹೋಗುತ್ತೇವೆ ಎಂದು ಹುಡುಗ ಕೇಳಿದ್ದ. ಯಾರೂ ಉತ್ತರ ಕೊಡಲಿಲ್ಲ.

ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ಬದುಕಿದವರಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ದೊಡ್ಡ ಹೆಸರು. ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ತಾವಾಗಿ ಕಲಿತು, ಸಿದ್ಧರಾಮನ ಪುರಾಣವನ್ನು ಗರತಿಯರ ತ್ರಿಪದಿಯಲ್ಲಿ ಬರೆದರು. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದವರು ಅವರೇ; ಶರಣರ ವಿಚಾರವನ್ನು ಮರಾಠಿಯಲ್ಲಿ ಬರೆದು ಮರಾಠಿ ಓದುಗರ ಕೈಗಿಟ್ಟವರೂ ಅವರೇ. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ ಬಂದದ್ದು ಬೆಂಗಳೂರಿನಿಂದಲ್ಲ, ಮೈಸೂರಿನಿಂದಲ್ಲ, ಮಹಾರಾಷ್ಟ್ರದ ಸೊಲ್ಲಾಪುರದಿಂದ. ತಮ್ಮ ಪಾಲಿನ ನ್ಯಾಯ ಕೇಳುತ್ತಲೇ ಎದುರಿನವರ ಭಾಷೆಗೆ ದುಡಿಯಬಹುದು ಎಂಬುದಕ್ಕೆ ಮಾಸ್ತರರು ಕೊಡುತ್ತಿದ್ದ ಉದಾಹರಣೆ ಅವರು. ಗಡಿಯ ವಿಚಾರದಲ್ಲಿ ದನಿ ಎತ್ತುವ ಇಂದಿನವರು ಅವರನ್ನು ಓದುವುದು ಒಳ್ಳೆಯದು.

ಮಾಸ್ತರರ ಶಾಲೆಯಲ್ಲಿ ಪಾಠಪುಸ್ತಕ ಬರುತ್ತಿದ್ದುದು ಪುಣೆಯ ಬಾಲಭಾರತಿಯಿಂದ, ಕನ್ನಡದಲ್ಲೇ. ಶಿವಾಜಿ ಮಹಾರಾಜರ ಚರಿತ್ರೆಯನ್ನು ಅಕ್ಕಲಕೋಟದ ಮಕ್ಕಳು ಕನ್ನಡ ಅಕ್ಷರದಲ್ಲಿ ಓದಿದರು, ಮರಾಠಿಯನ್ನು ಇನ್ನೊಂದು ವಿಷಯವಾಗಿ ಕಲಿತರು. ತೊಂದರೆ ಇದ್ದದ್ದು ಭಾಷೆಯಲ್ಲಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗನಿಗೆ ಮುಂದೆ ಕೆಲಸ ಎಲ್ಲಿ ಎಂದು ತಾಯಂದಿರು ಕೇಳುತ್ತಿದ್ದರು. ಅದಕ್ಕೆ ಮಾಸ್ತರರ ಬಳಿ ಒಳ್ಳೆಯ ಉತ್ತರ ಇರಲಿಲ್ಲ; ಎರಡು ರಾಜ್ಯಗಳ ಬಳಿಯೂ ಇಲ್ಲ. ಗಡಿ ತಂಟೆ ಎದ್ದಾಗ ಈ ಶಾಲೆಗಳು ಭಾಷಣಕ್ಕೆ ಬರುತ್ತವೆ. ತಂಟೆ ತಣ್ಣಗಾದ ಮೇಲೆ ಸೋರುವ ಮಾಡು, ಖಾಲಿ ಹುದ್ದೆ ಇದ್ದಲ್ಲೇ ಇರುತ್ತವೆ.

2022ರ ನವೆಂಬರ್‌ನಲ್ಲಿ ಗಡಿ ತಂಟೆ ಮತ್ತೆ ಎದ್ದಿತು. ಜತ್ತದ, ಅಕ್ಕಲಕೋಟದ ಹಳ್ಳಿಗಳ ಹೆಸರು ದಿನವೂ ಟಿವಿಯಲ್ಲಿ. ನೀರು ಕೊಡಿ, ರಸ್ತೆ ಕೊಡಿ, ಆಗದಿದ್ದರೆ ಕರ್ನಾಟಕಕ್ಕೆ ಹೋಗಲು ಬಿಡಿ ಎಂದು ಅಕ್ಕಲಕೋಟ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಠರಾವು ಮಾಡಿದವು. ಆ ಕಡೆಯ ಬಸ್ಸಿಗೆ ಈ ಕಡೆ ಮಸಿ, ಈ ಕಡೆಯ ವಾಹನಕ್ಕೆ ಆ ಕಡೆ ಕಲ್ಲು. ಗಡಿ ದಾಟುವ ಬಸ್ಸುಗಳು ನಿಂತವು.

ಮಾಸ್ತರರು ಆ ದಿನಗಳಲ್ಲಿ ಕೆರಳಿದ್ದರು. ಅವರೇ ಒಪ್ಪಿಕೊಳ್ಳುತ್ತಾರೆ. ಫೋನಿಗೆ ಬಂದ ಉರಿಮಾತುಗಳನ್ನು ತಾವೂ ನಾಲ್ಕು ಜನಕ್ಕೆ ಕಳಿಸಿದರು. ಒಂದು ಬೆಳಿಗ್ಗೆ ಅಫಜಲಪುರ ಕಡೆ ತಂಗಿಯ ಮನೆಗೆ ಹೋಗಲು ಅಕ್ಕಲಕೋಟ ಬಸ್ ನಿಲ್ದಾಣಕ್ಕೆ ಬಂದರೆ ಬಸ್ಸಿಲ್ಲ. ಪಕ್ಕದ ಬಾಕಿನ ಮೇಲೆ ಮರಾಠಿಯ ಮುದುಕಿಯೊಬ್ಬಳು, ಜೊತೆಗೆ ಮೊಮ್ಮಗಳು. ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದಲ್ಲಿ ದರ್ಶನ ಮುಗಿಸಿ, ಅನ್ನಛತ್ರದಲ್ಲಿ ಉಂಡು ಬಂದವರು. ಸ್ವಾಮಿಗಳು ಅಕ್ಕಲಕೋಟದಲ್ಲಿ ಇಪ್ಪತ್ತೆರಡು ವರ್ಷದಷ್ಟು ಇದ್ದು 1878ರಲ್ಲಿ ಸಮಾಧಿಯಾದವರು. ಭಕ್ತರ ನಂಬಿಕೆಯಲ್ಲಿ ದತ್ತನ ಅವತಾರ. ಹಾಗಾಗಿ ಅಕ್ಕಲಕೋಟಕ್ಕೆ ಬಂದವರು ಗಡಿ ದಾಟಿ ಗಾಣಗಾಪುರದ ದತ್ತನನ್ನೂ ಕಂಡು ಹೋಗುವ ರೂಢಿ. "ದತ್ತಾಕಡೆ ಜಾಯಚಂ ಹೋತಂ, ಬಾಬಾ" ಎಂದಳು ಮುದುಕಿ. ದತ್ತನ ಹತ್ತಿರ ಹೋಗಬೇಕಿತ್ತು. ಯಾರ ಮೇಲೂ ಸಿಟ್ಟಿಲ್ಲದ ದನಿ.

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದ್ದು, "ರೈಲ್ ಚಾಲೂ ಆಹೇ. ಯೇತಾ ಕಾ?" ಎಂದು ಕೇಳಿದರು. ಬರ್ತೀರೇನು?

ಮೂವರೂ ಅಕ್ಕಲಕೋಟ ರೋಡ್ ನಿಲ್ದಾಣಕ್ಕೆ ಹೋಗಿ ಕಲಬುರಗಿ ಕಡೆಯ ಗಾಡಿ ಹಿಡಿದರು. ನಾಗಣಸೂರು, ಬೋರೋಟಿ, ದುಧನಿ. ದುಧನಿ ದಾಟಿದ ಮೇಲೆ ನಿಲ್ದಾಣದ ಹಲಗೆಯ ಮೇಲಿನ ಅಕ್ಷರ ಬದಲಾದವು. ಕಿಟಕಿಯ ಹೊರಗಿನ ಜೋಳ ಅದೇ ಇತ್ತು. ಮುದುಕಿ ಮೊಮ್ಮಗಳಿಗೆ ಕಡಕ ಭಾಕರಿ ಮುರಿದುಕೊಟ್ಟು, ಇವರಿಗೂ ಕೊಟ್ಟಳು. ಗಾಣಗಾಪುರ ರೋಡ್‌ನಲ್ಲಿ ಅವರನ್ನು ಇಳಿಸಿ ಆಟೋಕ್ಕೆ ಕನ್ನಡದಲ್ಲಿ ದರ ಮಾತಾಡಿ ಕೂರಿಸಿದ್ದು ಮಾಸ್ತರರೇ. ಆ ರಾತ್ರಿ ತಂಗಿಯ ಮನೆಯಲ್ಲಿ, ಉರಿಮಾತು ಕಳಿಸಿದ್ದ ನಾಲ್ವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಅದನ್ನು ಅಳಿಸಿಬಿಡ್ರಿ ಎಂದು ಕೇಳಿಕೊಂಡರು. ಮೂವರು ಹೂಂ ಎಂದರು. ನಾಲ್ಕನೆಯವರು ಇವರೊಂದಿಗೆ ಈಗಲೂ ಮಾತಾಡುವುದಿಲ್ಲ. ಅದು ಮಾಸ್ತರರಿಗೆ ನೋವು. ಹೇಳುವಾಗ ದನಿ ಇಳಿಯಿತು.

ಗಡಿಯಾಚೆಗೆ ಹೋದ ಒಬ್ಬರ ಸ್ಮಾರಕವೂ ಸೊಲ್ಲಾಪುರದಲ್ಲಿದೆ, ಡಾ. ದ್ವಾರಕಾನಾಥ ಕೋಟ್ನೀಸ್ ಅವರದ್ದು. 1910ರಲ್ಲಿ ಇಲ್ಲೇ ಹುಟ್ಟಿದವರು. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರ ಸೇವೆಗೆ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. 1942ರಲ್ಲಿ ಅಲ್ಲೇ ತೀರಿಕೊಂಡರು. ಅಲ್ಲಿಯ ದಾದಿಯನ್ನು ಮದುವೆಯಾಗಿದ್ದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ: ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಇಪ್ಪತ್ತು ವರ್ಷದ ನಂತರ ಆ ಎರಡು ದೇಶಗಳು ಯುದ್ಧ ಮಾಡಿದವು. ಮಾಸ್ತರರು ಮಕ್ಕಳಿಗೆ ಯುದ್ಧದ ಇಸವಿಯನ್ನೂ ಹೇಳುತ್ತಿದ್ದರು, ಆ ಮಗುವಿನ ಹೆಸರನ್ನೂ ಹೇಳುತ್ತಿದ್ದರು. ಪರೀಕ್ಷೆಗೆ ಕೇಳುತ್ತಿದ್ದುದು ಇಸವಿಯನ್ನು. ವರ್ಷಗಳ ನಂತರ ಸಿಕ್ಕ ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿದದ್ದು ಹೆಸರು.

2021ರ ಜನವರಿಯಲ್ಲಿ ಕೊರೊನಾ ಕಾರಣಕ್ಕೆ ಗಡ್ಡಾ ಯಾತ್ರೆಯನ್ನು ಕೆಲವೇ ಜನರಲ್ಲಿ ಮುಗಿಸಿದರು. ಸಮ್ಮತಿ ಓದಿದರು, ಅಕ್ಷತೆ ಬಿತ್ತು, ಆದರೆ ಕಟ್ಟೆಯ ಸುತ್ತ ಮಂದಿ ಇಲ್ಲ. ಮಾಸ್ತರರು ಹಳ್ಳಿಯಲ್ಲಿ ಫೋನಿನ ಪರದೆಯ ಮೇಲೆ ಅದನ್ನು ನೋಡಿದರು. ಭೋಂಗಾ ನಿಂತ ರಾತ್ರಿಯ ನೆನಪಾಯಿತು. ಈಗ ಜನ ಮರಳಿದ್ದಾರೆ. ಭಕ್ತಲಿಂಗ ಹರ್ರ ಎಂಬ ಘೋಷ ಮರಳಿದೆ. ಮಾಸ್ತರರೂ ಅಪ್ಪನ ಹಳೆಯ ಬಾರಾಬಂದಿ ತೊಟ್ಟು ಪ್ರತಿ ವರ್ಷ ಬೆಳಗಿನ ಗಾಡಿಗೆ ಹೊರಡುತ್ತಾರೆ, ಅಂಗಿಯ ಕಿಸೆಯಲ್ಲಿ ಒಂದು ಹಿಡಿ ಅಕ್ಷತೆ.

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರಕ್ಕೆ ಹೋಗುವ ಮನಸ್ಸಿದ್ದವರು ಅಕ್ಷತೆಯ ದಿನ ಸಮ್ಮತಿ ಕಟ್ಟೆಯನ್ನು ಬೆಳಿಗ್ಗೆಯೇ ತಲುಪಬೇಕು. ಮಧ್ಯಾಹ್ನವಾದರೆ ಕಾಲಿಡಲು ಜಾಗ ಸಿಗುವುದಿಲ್ಲ.